ಬ್ಯಾಟರಿ ಉಳೀಬೇಕಾ? ಹಾಗಾದ್ರೆ ಯಾವ ಕಂಟ್ರೋಲರ್, ಯಾವ ಸೆಟ್ಟಿಂಗು

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಬಂದು ಎಲೆಕ್ಟ್ರಿಕ್ ಗಾಡಿ ಬಗ್ಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಕಡೂರಿನ ಒಬ್ರು ಹಳೇ ಲೆಡ್ ಆಸಿಡ್ ಸ್ಕೂಟರಿಗೆ ಹೊಸ ಲಿಥಿಯಂ ಪ್ಯಾಕ್ ಹಾಕ್ಸಿದಾರೆ, ಹಳೇ ಕಂಟ್ರೋಲರೇ (ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟ್ ಬಿಡ್ಬೇಕು ಅಂತ ನೋಡ್ಕೊಳ್ಳೋ ಡಬ್ಬ) ಇರ್ಲಾ ತೆಗೀಲಾ ಅಂತ. ಮಲ್ಲಂದೂರು ಕಡೆಯ ತೋಟದವ್ರೊಬ್ರು ದಿನಾ ಎರಡು ಹಾಲಿನ ಕ್ಯಾನ್ ಕಟ್ಕೊಂಡು ಏರು ಹತ್ತಿ ಇಳೀತಾರೆ, ಅರ್ಧ ಏರಲ್ಲಿ ಗಾಡಿ ಟಪ್ ಅಂತ ಆಫ್ ಆಗುತ್ತೆ ಅನ್ನೋದು ಅವ್ರ ಗೋಳು. ಮೂರನೆಯವನು ಇಂಜಿನಿಯರಿಂಗ್ ಓದೋ ಹುಡುಗ, ಸೈಕಲ್ಲಿಗೆ ಮೋಟರ್ ಕೂರಿಸ್ತಾ ಇದಾನೆ, ಯೂಟ್ಯೂಬ್ ನೋಡಿ ನೋಡಿ ನಾಲ್ಕು ಕಂಟ್ರೋಲರ್ ಹೆಸರು ಚೀಟೀಲಿ ಬರ್ಕೊಂಡು ಬಂದಿದ್ದ. ಮೂರು ಜನಕ್ಕೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಬೇರೆ ಅಂತ ಇಲ್ಲೇ ಬರೆದಿಟ್ರೆ ಪ್ರತಿ ಸಲ ಅಂಗಡೀಲಿ ಅರ್ಧ ಗಂಟೆ ನಿಂತು ಹೇಳೋದು ತಪ್ಪುತ್ತೆ ಅಂತ ಕೂತಿದೀನಿ.

ಎಲ್ರೂ ಮೊದ್ಲು ಕೇಳೋದು ಎಷ್ಟು ಪಿಕಪ್ ಬರುತ್ತೆ ಅಂತ. ನಾನು ನೋಡೋದು ಅದಲ್ಲ, ಬ್ಯಾಟರಿ ಸುಸ್ತಾದಾಗ ಈ ಕಂಟ್ರೋಲರ್ ತಾನಾಗೇ ಕೈ ಬಿಗಿ ಮಾಡುತ್ತಾ ಇಲ್ವಾ ಅಂತ. ಯಾಕಂದ್ರೆ ಗಾಡೀಲಿ ದುಬಾರಿ ವಸ್ತು ಪ್ಯಾಕು, ಕಂಟ್ರೋಲರ್ ಅದರ ನಾಲ್ಕನೇ ಒಂದು ಭಾಗನೂ ಇರಲ್ಲ, ಆದ್ರೂ ಜನ ಅಗ್ಗದ ಡಬ್ಬ ಹಾಕಿ ದುಬಾರಿ ಪ್ಯಾಕ್ ಸಾಯಿಸ್ತಾರೆ.

"ಬಿಎಂಎಸ್ ಇದೆಯಲ್ಲಾ ಸಾರ್, ಅದು ಕಾಪಾಡುತ್ತೆ" ಅಂತ ಎಲ್ರೂ ಹೇಳ್ತಾರೆ. ಬಿಎಂಎಸ್ ಅಂದ್ರೆ ಪ್ಯಾಕಿನ ಸೆಲ್ಲುಗಳನ್ನ ಕಾಯೋ ಬೋರ್ಡು, ಮನೇಲಿರೋ ಎಂಸಿಬಿ ಇದ್ದಂಗೆ ಮಾರಾಯ್ರೆ. ಅನಾಹುತ ಆದಾಗ ಬೀಳ್ಬೇಕು ಅಷ್ಟೆ. ದಿನಾ ರಾತ್ರಿ ಲೈಟ್ ಆರಿಸೋಕೆ ಯಾರಾದ್ರೂ ಎಂಸಿಬಿ ಕೆಳಗೆ ಎಳೀತಾರಾ? ಬಿಎಂಎಸ್ ಕಟ್ ಮಾಡೋ ಹೊತ್ತಿಗೆ ಒಂದು ಸೆಲ್ಲು ಆಗ್ಲೇ ತಳ ಮುಟ್ಟಿರುತ್ತೆ, ಜೊತೆಗೆ ಅದು ಕಟ್ ಮಾಡೋದು ಚಾಕು ಹಾಕಿದಂಗೆ, ಕೈಮರದ ತಿರುವಲ್ಲಿ ಹಿಂದೆ ಬಸ್ ಬರ್ತಿರುವಾಗ ಗಾಡಿ ಸತ್ರೆ ಏನ್ ಗತಿ. ಕಂಟ್ರೋಲರ್ ಮೊದ್ಲು ಸೋಲ್ಬೇಕು, ಬಿಎಂಎಸ್ ಆಮೇಲೆ. ಇವೆರಡರ ನಂಬರ್ ಹೊಂದ್ಲಿಲ್ಲ ಅಂದ್ರೆ ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋ ಕಥೆ.

ಹಾಗಾಗಿ ಯಾವುದನ್ನೇ ಕೊಳ್ಳೋ ಮುಂಚೆ ಇಷ್ಟು ನೋಡಿ. ಒಂದು, ಬ್ಯಾಟರಿ ಕರೆಂಟಿಗೆ ಮಿತಿ ಹಾಕೋಕೆ ಆಗುತ್ತಾ. ಫೇಸ್ ಕರೆಂಟ್ ಬೇರೆ, ಅದಕ್ಕೆ ಆಮೇಲೆ ಬರ್ತೀನಿ. ಎರಡು, ಲೋ ವೋಲ್ಟೇಜ್ ಕಟ್‌ಆಫ್ ನಂಬರ್, ಅಂದ್ರೆ ವೋಲ್ಟೇಜ್ ಎಷ್ಟಕ್ಕೆ ಇಳಿದ್ರೆ ಗಾಡಿ ನಿಲ್ಬೇಕು ಅನ್ನೋದು, ಬದಲಾಯಿಸ್ಬಹುದಾ, ಮತ್ತೆ ಅಲ್ಲಿಗೆ ಬಂದಾಗ ಒಮ್ಮೆಲೇ ಆಫ್ ಆಗುತ್ತಾ ಅಥವಾ ನಿಧಾನಕ್ಕೆ ಇಳಿಸುತ್ತಾ. ಮೂರು, ಇಳಿಜಾರಲ್ಲಿ ರೀಜೆನ್ (ಗಾಡಿ ನಿಧಾನ ಮಾಡ್ತಾ ಮೋಟರೇ ಬ್ಯಾಟರಿ ಚಾರ್ಜ್ ಮಾಡೋದು) ಇದ್ರೆ ಅದಕ್ಕೂ ಮೇಲಿನ ಮಿತಿ ಇದೆಯಾ. ಇದು ಬಯಲುಸೀಮೆಯವ್ರಿಗೆ ದೊಡ್ಡ ವಿಷ್ಯ ಅಲ್ಲ, ಚಿಕ್ಕಮಗಳೂರಿಂದ ಪಶ್ಚಿಮಕ್ಕೆ ಹೋಗೋರಿಗೆ ಇದೇ ದೊಡ್ಡದು. ನಾಲ್ಕು, ಸೆಟ್ಟಿಂಗ್ ನೀವೇ ನೋಡಿ ಬದಲಾಯಿಸೋಕೆ ಆಗುತ್ತಾ, ಕೆಟ್ರೆ ಊರಲ್ಲಿ ಸಿಗುತ್ತಾ. ದುಡ್ಡಿನ ಲೆಕ್ಕ ಇಷ್ಟಾದ ಮೇಲೆ.

ಕರೆಂಟ್ ಮಿತಿ ಯಾಕೆ ಮೊದಲನೇದು ಅಂದ್ರೆ, ತೋಟದವರ ಗಾಡೀಲಿ ನಾನು ಮಲ್ಟಿಮೀಟರ್ ಕಟ್ಕೊಂಡು ಹಿಂದಿನ ಸೀಟಲ್ಲಿ ಕೂತು ಹೋದೆ. 48 ವೋಲ್ಟ್ ಅಂತ ಕರೆಯೋ 13 ಸೀರೀಸ್ ಪ್ಯಾಕು (ಒಂದರ ಹಿಂದೆ ಒಂದು 13 ಸೆಲ್ಲು), 30 ಎಎಚ್ (ಆಂಪ್ ಅವರ್), ನಾಲ್ಕು ವರ್ಷ ಹಳೇದು. ನಿಂತಾಗ 47 ವೋಲ್ಟ್ ತೋರಿಸ್ತು. ಏರಲ್ಲಿ ಪೂರ್ತಿ ಎಕ್ಸಲರೇಟರ್ ತಿರುಗಿಸಿದ ತಕ್ಷಣ ಸೊರ್ ಅಂತ 42ಕ್ಕೆ ಬಿತ್ತು, ಗಾಡಿ ಆಫ್. ಎರಡು ನಿಮಿಷ ಬಿಟ್ರೆ ಮತ್ತೆ 47. ಅಂದ್ರೆ ಬ್ಯಾಟರೀಲಿ ಚಾರ್ಜ್ ಇದೆ, ಆದ್ರೆ 25 ಆಂಪ್ ಎಳೆದಾಗ 5 ವೋಲ್ಟ್ ಒಳಗೇ ತಿಂದು ಹಾಕ್ತಿದೆ. ಲೆಕ್ಕ ಹಾಕಿದ್ರೆ ಪ್ಯಾಕಿನ ಒಳ ರೆಸಿಸ್ಟೆನ್ಸ್ 0.2 ಓಮ್, 25ರ ವರ್ಗ ಇಂಟು 0.2 ಅಂದ್ರೆ 125 ವ್ಯಾಟ್ ಬರೀ ಶಾಖ, ಸೀಟ್ ಕೆಳಗೆ ಒಂದು ಸೋಲ್ಡರಿಂಗ್ ಐರನ್ ಅಲ್ಲ, ನಾಲ್ಕೈದು ಇಟ್ಟಂಗೆ. ಅದೇ ಏರನ್ನ 15 ಆಂಪಲ್ಲಿ ಹತ್ತಿದ್ರೆ ಬೀಳೋದು 3 ವೋಲ್ಟ್, ಮೀಟರ್ 44ರಲ್ಲಿ ನಿಲ್ಲುತ್ತೆ, ಶಾಖ 45 ವ್ಯಾಟ್. ಗಾಡಿ ನಿಧಾನ ಹೋಗುತ್ತೆ, ಆದ್ರೆ ಹೋಗುತ್ತೆ. ಅವ್ರು ಹೊಸ ಪ್ಯಾಕ್ ಕೊಳ್ಳೋಕೆ ರೆಡಿ ಆಗಿದ್ರು, ನಾನು ತಡೆದೆ.

ಮಿತಿ ಎಷ್ಟು ಇಡೋದು? ಪ್ಯಾಕ್ ಮಾಡಿದವ್ರನ್ನ ಸೆಲ್ಲಿನ ಕಂಟಿನ್ಯೂಯಸ್ ಆಂಪ್ (ನಿಲ್ಲಿಸದೆ ಎಳೀಬಹುದಾದ ಕರೆಂಟು) ಎಷ್ಟು ಅಂತ ಕೇಳಿ, ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿದ ಸೆಲ್ಲು) ಎಷ್ಟಿದೆಯೋ ಅದರಿಂದ ಗುಣಿಸಿ. ಹತ್ತು ಪ್ಯಾರಲಲ್, ಒಂದೊಂದು 5 ಆಂಪ್ ಅಂದ್ರೆ 50. ಆಮೇಲೆ ಬಿಎಂಎಸ್ ಮೇಲೆ ಬರೆದಿರೋ ಕಂಟಿನ್ಯೂಯಸ್ ಆಂಪ್ ನೋಡಿ, 40 ಅಂತಿದೆ ಅನ್ಕೊಳ್ಳಿ. ಎರಡರಲ್ಲಿ ಚಿಕ್ಕದು ತಗೊಂಡು ಅದರಲ್ಲಿ ಮುಕ್ಕಾಲು ಭಾಗ, ಅಂದ್ರೆ 30. ಪ್ಯಾಕ್ ಹಳೇದಾದ್ರೆ ಇನ್ನೂ ಕೆಳಗೆ. ಡಿಸೆಂಬರ್ ಬೆಳಿಗ್ಗೆ ಆರಕ್ಕೆ ಹೊರಡೋರಿಗೆ ಇದು ಗೊತ್ತಿರುತ್ತೆ, ಚಳೀಲಿ ಅದೇ ಪ್ಯಾಕು ಜಾಸ್ತಿ ಕುಸಿಯುತ್ತೆ.

ಈಗ ಆಯ್ಕೆಗಳಿಗೆ ಬರೋಣ.

ಮೊದಲನೇದು ಸಾದಾ ಡಬ್ಬ. ಅಲ್ಯೂಮಿನಿಯಂ ಬಾಡಿ, ಹತ್ತಾರು ವಯರು, ಯಾವ ಸೆಟ್ಟಿಂಗೂ ಇಲ್ಲ, ಎರಡು ಮೂರು ಸಾವಿರದ ಆಸುಪಾಸಲ್ಲಿ ಸಿಗುತ್ತೆ, ಯಾವ ಗ್ಯಾರೇಜಲ್ಲಾದ್ರೂ ಹಾಕಿ ಕೊಡ್ತಾರೆ. ಸಮಸ್ಯೆ ಏನಂದ್ರೆ 48 ವೋಲ್ಟ್ ಡಬ್ಬದಲ್ಲಿ ಹೆಚ್ಚಾಗಿ ಕಟ್‌ಆಫ್ 42 ವೋಲ್ಟಿಗೆ ಕೂರಿಸಿರ್ತಾರೆ, ಅದು ಲೆಡ್ ಆಸಿಡ್ ಲೆಕ್ಕ, 12 ವೋಲ್ಟಿನ ನಾಲ್ಕು ಬ್ಯಾಟರಿ, ಒಂದೊಂದು 10.5. ಅದೇ 42ನ್ನ ಲಿಥಿಯಂ ಮೇಲೆ ಹಾಕಿ ನೋಡಿ. 13 ಸೀರೀಸಿಗೆ ಸೆಲ್ಲಿಗೆ 3.23, ಬ್ಯಾಟರಿಗೆ ಒಳ್ಳೇದೇ, ಏರಲ್ಲಿ ಮಾತ್ರ ಬೇಗ ನಿಲ್ಲಿಸುತ್ತೆ. 14 ಸೀರೀಸಿಗೆ ಸರಿಯಾಗಿ 3.0, ಪರ್ವಾಗಿಲ್ಲ. 16 ಸೀರೀಸ್ ಎಲ್‌ಎಫ್‌ಪಿಗೆ (ಲಿಥಿಯಂನಲ್ಲೇ ಇನ್ನೊಂದು ಥರ, ಐರನ್ ಫಾಸ್ಫೇಟ್) 2.63! ಎಲ್‌ಎಫ್‌ಪಿ ಸೆಲ್ಲು 3.0 ಕೆಳಗೆ ಹೋದ್ರೆ ಒಳಗೆ ಏನೂ ಉಳಿದಿರಲ್ಲ, ಬಂಡೆ ಮೇಲಿಂದ ಬಿದ್ದಂಗೆ ಬೀಳುತ್ತೆ, ಸರಾಸರಿ 2.63 ಇದ್ದಾಗ ಅತಿ ಬಡಪಾಯಿ ಸೆಲ್ಲು 2.5 ದಾಟಿ ಕೆಳಗೆ ಹೋಗಾಗಿರುತ್ತೆ. ಒಂದೇ ಡಬ್ಬ, ಒಂದೇ ನಂಬರ್, ಮೂರು ಪ್ಯಾಕಿಗೆ ಮೂರು ಅರ್ಥ. ಹಾಗಾಗಿ ಅಂಗಡೀಲಿ "48 ವೋಲ್ಟ್ ಕಂಟ್ರೋಲರ್ ಕೊಡಿ" ಅಂತ ಕೇಳಬೇಡಿ, ನಿಮ್ಮದು ಎಷ್ಟು ಸೀರೀಸ್, ಯಾವ ಕೆಮಿಸ್ಟ್ರಿ ಅಂತ ಹೇಳಿ ಕೇಳಿ.

ಇನ್ನೊಂದು ಕಿತಾಪತಿ ಇದೆ ಈ ಡಬ್ಬದಲ್ಲಿ. ಒಳಗೆ ಶಂಟ್ ಅಂತ ಒಂದು ದಪ್ಪ ತಂತಿ ಇರುತ್ತೆ, ಕಂಟ್ರೋಲರ್ ಕರೆಂಟ್ ಅಳೆಯೋದು ಅದರಿಂದ. ಅದರ ಮೇಲೆ ಸೀಸ ಬಳಿದ್ರೆ ಪಿಕಪ್ ಜಾಸ್ತಿ ಆಗುತ್ತೆ ಅಂತ ಕೆಲವ್ರು ಮಾಡಿಕೊಡ್ತಾರೆ. ಪಿಕಪ್ ಬರೋದು ನಿಜ, ಆದ್ರೆ ಅದು 25 ಅನ್ಕೊಂಡು 35 ಎಳೀತಿರುತ್ತೆ, ತಕ್ಕಡಿಗೆ ಕಳ್ಳ ತೂಕ ಇಟ್ಟಂಗೆ, ನಷ್ಟ ಮಾತ್ರ ನಿಮ್ಮ ಪ್ಯಾಕಿಗೆ. ಸೆಕೆಂಡ್ ಹ್ಯಾಂಡ್ ಡಬ್ಬ ತಗೊಂಡ್ರೆ ಮುಚ್ಚಳ ಬಿಚ್ಚಿಸಿ ಶಂಟ್ ನೋಡಿ.

ಹಾಗಂತ ಸಾದಾ ಡಬ್ಬ ಬೇಡವೇ ಬೇಡ ಅಂತ ಅಲ್ಲ. ಕಡೂರಿನವ್ರಿಗೆ ನಾನು ಅದನ್ನೇ ಇಟ್ಕೊಳ್ಳಿ ಅಂದೆ. ಅವ್ರದು 16 ಸೀರೀಸ್ ಎಲ್‌ಎಫ್‌ಪಿ, ರಸ್ತೆ ಚಪ್ಪಟೆ, ಒಬ್ರೇ ಓಡಾಡೋದು, 10-15 ಆಂಪ್ ಮೇಲೆ ಹೋಗೋ ಪ್ರಸಂಗನೇ ಕಮ್ಮಿ. ಕಂಟ್ರೋಲರ್ ದುಡ್ಡಲ್ಲಿ ಬ್ಲೂಟೂತ್ ಇರೋ ಸ್ಮಾರ್ಟ್ ಬಿಎಂಎಸ್ ಹಾಕ್ಸಿ, ಸೆಲ್ ಕಟ್‌ಆಫ್ 2.5 ಇದ್ದದ್ದನ್ನ 2.8ಕ್ಕೆ ಏರಿಸಿ, ಮೀಟರಲ್ಲಿ 50 ವೋಲ್ಟ್ ಕಂಡ್ರೆ ಮನೆ ಕಡೆ ತಿರುಗಿ ಅಂತ ಹೇಳಿ ಕಳ್ಸಿದೆ. ಬಿಎಂಎಸ್ಸನ್ನ ಎಂಸಿಬಿ ಅಂದವನೇ ಅದರ ಮೇಲೆ ಭಾರ ಹಾಕ್ತಿದೀನಿ, ಗೊತ್ತು, ಆದ್ರೆ ಚಪ್ಪಟೆ ರಸ್ತೇಲಿ ವರ್ಷಕ್ಕೊಂದು ಸಲ ಕಟ್ ಆದ್ರೆ ತಳ್ಕೊಂಡು ಬರಬಹುದು. ಎಲ್‌ಎಫ್‌ಪಿ ಇರೋರಿಗೆ ಇನ್ನೊಂದು ಮಾತು, ಅದರ ವೋಲ್ಟೇಜು ಮಧ್ಯದಲ್ಲಿ ಕೆರೆ ನೀರಿನ ಥರ ಒಂದೇ ಮಟ್ಟ, ಮೀಟರ್ ನೋಡಿ ಎಷ್ಟು ಪರ್ಸೆಂಟ್ ಅಂತ ಹೇಳೋಕೆ ಆಗಲ್ಲ, ಹಾಗಾಗಿ ಆಂಪ್ ಎಣಿಸೋ ಬಿಎಂಎಸ್ ಇದ್ರೆ ಅದನ್ನೇ ನಂಬಿ.

ಎರಡನೇದು ಡಿಸ್ಪ್ಲೇ ಜೊತೆ ಬರೋ ಸೈಕಲ್ ಕಂಟ್ರೋಲರ್. ಕೆಟಿ ಅಂತ ಕರೆಯೋದು ಬಹಳ ಓಡಾಡುತ್ತೆ. ಹ್ಯಾಂಡಲ್ ಮೇಲಿನ ಪುಟ್ಟ ಡಿಸ್ಪ್ಲೇನಲ್ಲೇ ಬಟನ್ ಒತ್ತಿ ಸೆಟ್ಟಿಂಗ್ ಒಳಗೆ ಹೋಗಬಹುದು, ಫೋನು ಬೇಡ ಲ್ಯಾಪ್‌ಟಾಪ್ ಬೇಡ. ನಮಗೆ ಬೇಕಾದ್ದು ಎರಡೇ, ಸಿ5 ಮತ್ತು ಸಿ12. ಸಿ5 ಕರೆಂಟ್ ಮಿತಿ, 10 ಇಟ್ರೆ ಪೂರ್ತಿ, 4 ಇಟ್ರೆ ಒಂದೂವರೆಯಿಂದ ಭಾಗಿಸುತ್ತೆ, 3 ಇಟ್ರೆ ಅರ್ಧ. 25 ಆಂಪಿನದಾದ್ರೆ 4ರಲ್ಲಿ ಹತ್ರ ಹತ್ರ 17. ಸಿ12 ಕಟ್‌ಆಫ್, 4 ಅನ್ನೋದು ಮೂಲ ಸೆಟ್ಟಿಂಗ್, 48ರ ಕಂಟ್ರೋಲರಲ್ಲಿ ಅದು 40 ವೋಲ್ಟ್, ಒಂದೊಂದು ಮೆಟ್ಟಿಲಿಗೆ ಅರ್ಧ ವೋಲ್ಟ್ ಆ ಕಡೆ ಈ ಕಡೆ. 13 ಸೀರೀಸಿಗೆ 40 ಅಂದ್ರೆ ಸೆಲ್ಲಿಗೆ 3.08, ನಾನು 6 ಇಟ್ಟು 41 ಮಾಡ್ತೀನಿ. ಕೊರತೆ ಏನಂದ್ರೆ ಮೆಟ್ಟಿಲು ಇಷ್ಟೇ, ದೂರದವರೆಗೆ ಎಳೆಯೋಕೆ ಆಗಲ್ಲ, ಎಲ್‌ಎಫ್‌ಪಿ 16 ಸೀರೀಸಿಗೆ ಪೂರ್ತಿ ಏರಿಸಿದ್ರೂ 41.5ಕ್ಕೇ ನಿಲ್ಲುತ್ತೆ, ಉಪಯೋಗ ಇಲ್ಲ. ವೋಲ್ಟೇಜ್ ಕುಸಿಯೋದು ಕಂಡ್ರೆ ನೀವೇ ಅಸಿಸ್ಟ್ ಲೆವೆಲ್ ಐದರಿಂದ ಎರಡಕ್ಕೆ ಇಳಿಸ್ಬೇಕು. ಸೈಕಲ್ಲಲ್ಲಿ ಪೆಡಲ್ ತುಳಿಯೋಕೆ ಕಾಲಿದೆಯಲ್ಲಾ, ಸಾಕು.

ಹುಡುಗನಿಗೆ ಇದೇ ಅಂದೆ. ಮುಖ ಸಪ್ಪಗಾಯ್ತು ಅವನದು.

ಅವನಿಗೆ ಬೇಕಿದ್ದದ್ದು ಮೂರನೇದು, ವೆಸ್ಕ್. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಶುರು ಮಾಡಿದ ಓಪನ್ ಸೋರ್ಸ್ ಕಂಟ್ರೋಲರು, ಬ್ಯಾಟರಿ ಕಾಪಾಡೋ ವಿಷ್ಯದಲ್ಲಿ ಇದರಷ್ಟು ಚೊಕ್ಕ ಯಾವುದೂ ಇಲ್ಲ ಅನ್ನೋದು ನಿಜವೇ. ಬ್ಯಾಟರಿ ಕರೆಂಟ್ ಬೇರೆ, ಮೋಟರ್ ಕರೆಂಟ್ ಬೇರೆ, ರೀಜೆನ್ ಬೇರೆ, ಕಟ್‌ಆಫ್ ಶುರು ಒಂದು ನಂಬರ್, ಮುಗಿಯೋದು ಒಂದು ನಂಬರ್, ಅವೆರಡರ ಮಧ್ಯೆ ಇಳಿಜಾರಿನ ಥರ ಪವರ್ ಇಳೀತಾ ಹೋಗುತ್ತೆ. ಆದ್ರೆ ದುಬಾರಿ, ಊರಲ್ಲಿ ಸಿಗಲ್ಲ, ಸೆಟ್ಟಿಂಗ್ ನೂರೆಂಟು, ಒಂದು ತಪ್ಪಾದ್ರೆ ಬೋರ್ಡ್ ಹೊಗೆ. ಅವನು ಬರೆದುಕೊಂಡಿದ್ದ ವೆಸ್ಕ್ 6 ಇರೋದು 60 ವೋಲ್ಟ್ ತನಕ, ತಯಾರಕರೇ 12 ಸೀರೀಸ್ ಒಳಗಿರಿ ಅಂತಾರೆ, ಅವನ ಪ್ಯಾಕು 13, ತುಂಬಿದಾಗ 54.6. ಉಸಿರಾಡೋಕೆ ಜಾಗ ಇಲ್ಲ. 75 ವೋಲ್ಟಿನ ಬೋರ್ಡಿಗೆ ಹೋದ್ರೆ ಸೈಕಲ್ಲಿಗಿಂತ ಅದೇ ದುಬಾರಿ. ಕಲಿಯೋಕೆ ಬೇಕು ಅಂದ್ರೆ ಖಂಡಿತ ತಗೋ, ಕಾಲೇಜಿಗೆ ಹೋಗಿ ಬರೋಕೆ ಬೇಕು ಅಂದ್ರೆ ಆ ದುಡ್ಡಲ್ಲಿ ಒಳ್ಳೇ ಸೆಲ್ ಹಾಕು ಅಂದೆ.

ನಾಲ್ಕನೇದು ಆ್ಯಪ್ ಅಥವಾ ಲ್ಯಾಪ್‌ಟಾಪಿಂದ ಸೆಟ್ ಮಾಡೋ ಸ್ಕೂಟರ್ ಕಂಟ್ರೋಲರ್. ವೋಟಾಲ್, ಫಾರ್‌ಡ್ರೈವರ್, ಕೆಲ್ಲಿ ಇವೆಲ್ಲ ಈ ಸಾಲಿನವು. ವೋಟಾಲಿಗೆ ಕೇಬಲ್ ಚುಚ್ಚಿ ವಿಂಡೋಸ್ ಲ್ಯಾಪ್‌ಟಾಪಲ್ಲಿ, ಫಾರ್‌ಡ್ರೈವರಿಗೆ ಫೋನಿಂದ ಬ್ಲೂಟೂತಲ್ಲಿ. ಸಾದಾ ಡಬ್ಬದ ಮೂರು ನಾಲ್ಕು ಪಟ್ಟು ಬೆಲೆ ಆಗುತ್ತೆ. ಏರು, ಭಾರ, ಘಟ್ಟ ಇದ್ದೋರು ಇದನ್ನ ಹಾಕ್ಸಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಆ ಫೇಸ್ ಕರೆಂಟ್ ವಿಷ್ಯ. ಏರು ಹತ್ತೋ ಬಲ ಬರೋದು ಮೋಟರಿಗೆ ಹೋಗೋ ಫೇಸ್ ಕರೆಂಟಿಂದ, ಬ್ಯಾಟರಿ ಕರೆಂಟಿಂದ ಅಲ್ಲ. ನಿಧಾನ ಹೋಗುವಾಗ ಕಂಟ್ರೋಲರು ಕಮ್ಮಿ ಆಂಪ್ ಬ್ಯಾಟರಿಯಿಂದ ತಗೊಂಡು ಕಮ್ಮಿ ವೋಲ್ಟಲ್ಲಿ ಜಾಸ್ತಿ ಆಂಪ್ ಮೋಟರಿಗೆ ಕೊಡುತ್ತೆ, ಗೇರ್ ಇಳಿಸಿದಂಗೆ ಅನ್ಕೊಳ್ಳಿ. ಇದು ಗೊತ್ತಿಲ್ದೆ ಏರಲ್ಲಿ ಸಾಲ್ತಿಲ್ಲ ಅಂತ ಬ್ಯಾಟರಿ ಆಂಪ್ ಏರಿಸ್ತಾರೆ, ಪ್ಯಾಕ್ ಸುಡ್ತಾರೆ. ತೋಟದವರ ಗಾಡಿಗೆ ಬ್ಯಾಟರಿ 15 ಆಂಪ್, ಫೇಸ್ 50 ಇಟ್ಟೆ. ಟೇಕಾಫ್ ಮೊದಲಿಗಿಂತ ಚೆನ್ನಾಗಿದೆ ಅಂತಾರೆ, ಮೇಲೆ ಹೋದಾಗ ಸ್ಪೀಡ್ ಕಮ್ಮಿ, ಹಾಲು ಚೆಲ್ಲಲ್ಲ ಅಂತ ಅವರ ಮನೆಯವ್ರಿಗೆ ಖುಷಿ. ಆದ್ರೆ ಫೇಸ್ ಜಾಸ್ತಿ ಇಟ್ರೆ ಹಬ್ ಮೋಟರ್ (ಚಕ್ರದೊಳಗೇ ಇರೋದು) ಬಿಸಿ ಆಗುತ್ತೆ, ಮೊದಲ ವಾರ ಏರು ಮುಗಿದ ಮೇಲೆ ಮೋಟರ್ ಮುಟ್ಟಿ ನೋಡಿ, ಕೈ ಇಡೋಕೆ ಆಗಲ್ಲ ಅಂದ್ರೆ ಹತ್ತು ಆಂಪ್ ಇಳಿಸಿ.

ಕಟ್‌ಆಫ್ 13 ಸೀರೀಸ್ ಆದ್ರೆ 44ಕ್ಕೆ ಇಳಿಸೋಕೆ ಶುರು, 40ಕ್ಕೆ ಪೂರ್ತಿ ಬಂದ್. 14 ಸೀರೀಸಿಗೆ 47.5 ಮತ್ತು 43.5. ಎಲ್‌ಎಫ್‌ಪಿ 16ಕ್ಕೆ 48 ಮತ್ತು 45. ಬಿಎಂಎಸ್ಸಿನ ಸೆಲ್ ಕಟ್ 2.8 ಇದ್ರೆ 13 ಸೀರೀಸಿಗೆ ಅದು 36.4, ಕಂಟ್ರೋಲರಿನ 40 ಅದಕ್ಕಿಂತ ಮೇಲಿದೆ, ಹೀಗೇ ಇರ್ಬೇಕು. ಕೆಲವು ಮಾಡೆಲಲ್ಲಿ ಇಳಿಸೋ ಸೌಲಭ್ಯ ಇರಲ್ಲ, ಬರೀ ಕಟ್ ನಂಬರ್ ಇರುತ್ತೆ, ಕೊಳ್ಳೋ ಮುಂಚೆ ಆ್ಯಪಿನ ಸ್ಕ್ರೀನ್‌ಶಾಟ್ ಕೇಳಿ ನೋಡ್ಕೊಳ್ಳಿ.

ರೀಜೆನ್ ಬಗ್ಗೆ ನನ್ನದೇ ದಡ್ಡತನ ಹೇಳ್ತೀನಿ. ಎರಡು ವರ್ಷದ ಹಿಂದೆ ಸೀತಾಳಯ್ಯನಗಿರಿ ಹತ್ರ ಮಾವನ ಮನೇಲಿ ರಾತ್ರಿ ಉಳ್ಕೊಂಡೆ, ಗಾಡಿ ಪೂರ್ತಿ ಚಾರ್ಜ್ ಹಾಕ್ದೆ, 54.6. ಬೆಳಿಗ್ಗೆ ಊರಿಗೆ ಇಳಿಯೋಕೆ ಹೊರಟೆ, ಬ್ರೇಕ್ ಸವೆಯೋದು ಬೇಡ ಅಂತ ರೀಜೆನ್ ಜೋರಾಗಿ ಇಟ್ಟಿದ್ದೆ, ಒಂದು ಕಿಲೋಮೀಟರ್ ಬರೋದ್ರೊಳಗೆ ಚಟ್ ಅಂತ ಸದ್ದು, ಸುಟ್ಟ ವಾಸನೆ, ಹಿಂದಿನ ಚಕ್ರ ಕಟ್ಟಿ ಹಾಕಿದಂಗೆ ಬಿಗಿ. ಆಗಿದ್ದಿಷ್ಟೆ, ತುಂಬಿದ ಕೊಡಕ್ಕೆ ನೀರು ಹುಯ್ದಂಗೆ ತುಂಬಿದ ಬ್ಯಾಟರಿಗೆ ಮೋಟರ್ ಇನ್ನೂ ತಳ್ತಾ ಇತ್ತು, ಬಿಎಂಎಸ್ ಅದರ ಕೆಲಸ ಸರಿಯಾಗೇ ಮಾಡಿ ಬಾಗಿಲು ಹಾಕ್ತು, ಮೋಟರಿಂದ ಬರ್ತಿದ್ದ ಕರೆಂಟಿಗೆ ಹೋಗೋಕೆ ಜಾಗ ಇಲ್ದೆ ಕಂಟ್ರೋಲರ್ ಒಳಗೆ ವೋಲ್ಟೇಜ್ ಎದ್ದು ಮಾಸ್ಫೆಟ್ (ಕರೆಂಟ್ ಸ್ವಿಚ್ ಮಾಡೋ ಭಾಗ) ಹೋಯ್ತು, ಒಳಗಿದ್ದ ಕೆಪಾಸಿಟರ್ 63 ವೋಲ್ಟಿಂದು. ಮಾಸ್ಫೆಟ್ ಶಾರ್ಟ್ ಆದ್ರೆ ಮೋಟರ್ರೇ ಬ್ರೇಕ್ ಆಗಿಬಿಡುತ್ತೆ. ಫೇಸ್ ವಯರ್ ಮೂರೂ ಕಿತ್ತು ನ್ಯೂಟ್ರಲ್ಲಲ್ಲಿ ಕೈಮರಕ್ಕೆ ಬಂದೆ.

ಆವತ್ತಿಂದ ನನ್ನ ನಿಯಮ, 13 ಸೀರೀಸಿನ 30 ಎಎಚ್ ಪ್ಯಾಕಿಗೆ ರೀಜೆನ್ 10 ಆಂಪ್ ಮೇಲೆ ಇಲ್ಲ, 53 ವೋಲ್ಟಿಗೆ ಕಮ್ಮಿ ಆಗೋಕೆ ಶುರು, 54ಕ್ಕೆ ಬಂದ್. ಮನೆ ಗುಡ್ಡದ ಮೇಲಿದ್ರೆ ಚಾರ್ಜ್ 52.5 ವೋಲ್ಟಿಗೆ ನಿಲ್ಸಿ, ಕೆಳಗೆ ಬರೋಷ್ಟರಲ್ಲಿ ಅದೇ ತುಂಬ್ಕೊಳ್ಳುತ್ತೆ. ಸುಮ್ನೆ ಲೆಕ್ಕಕ್ಕೆ, ಗಾಡಿ ಮತ್ತು ಸವಾರ ಸೇರಿ 200 ಕೆಜಿ, 800 ಮೀಟರ್ ಎತ್ತರ ಹತ್ತೋಕೆ ಬರೀ ಎತ್ತೋ ಕೆಲಸಕ್ಕೇ ಸುಮಾರು 435 ವ್ಯಾಟ್ ಅವರ್ ಬೇಕು. ಚಿಕ್ಕಮಗಳೂರು ಪೇಟೆಯಿಂದ 1930 ಮೀಟರಿನ ಮುಳ್ಳಯ್ಯನಗಿರಿ ದಾರಿ ಅಂದ್ರೆ ಆ ಲೆಕ್ಕ. 48 ವೋಲ್ಟ್ 30 ಎಎಚ್ ಪ್ಯಾಕಲ್ಲಿ ಇರೋದೇ 1440. ಇಳಿವಾಗ ಅಷ್ಟೂ ವಾಪಸ್ ಬರಲ್ಲ, ಗಾಳಿ, ಟೈರು, ಮೋಟರು ತಿಂದು ಒಂದು ಪಾಲು ಬರುತ್ತೆ, ಆದ್ರೆ ತುಂಬಿದ ಬ್ಯಾಟರಿಗೆ ಆ ಒಂದು ಪಾಲೂ ಜಾಸ್ತಿನೇ. ಗೇರ್ ಇರೋ ಹಬ್ ಮೋಟರಾದ್ರೆ ಈ ತಲೆನೋವು ಇಲ್ಲ, ಒಳಗೆ ಫ್ರೀವೀಲ್ ಇರೋದ್ರಿಂದ ರೀಜೆನ್ನೇ ಬರಲ್ಲ. ಯಾವುದೇ ಇದ್ರೂ ಬ್ರೇಕ್ ಶೂ ಹೊಸದಿರ್ಲಿ.

ಕಂಪನಿ ಗಾಡಿ ವಾರಂಟಿಯಲ್ಲಿದ್ರೆ ಇದ್ಯಾವುದೂ ಮುಟ್ಟಬೇಡಿ. 2022 ಡಿಸೆಂಬರಿಂದ ಜಾರಿಗೆ ಬಂದ ಎಐಎಸ್ 156 ತಿದ್ದುಪಡಿ ಆದ್ಮೇಲೆ ಬ್ಯಾಟರಿ ಸುರಕ್ಷತೆ ನಿಯಮ ಬಿಗಿ ಆಗಿದೆ, ಅಂಥ ಗಾಡೀಲಿ ಬಿಎಂಎಸ್ಸು ಕಂಟ್ರೋಲರು ಒಂದಕ್ಕೊಂದು ಮಾತಾಡ್ಕೊಳ್ತಿರ್ತವೆ, ನಾವು ಮಧ್ಯೆ ಕೈ ಹಾಕಿದ್ರೆ ಎರಡೂ ಕೆಡುತ್ತೆ. ನಂಬರ್ ಪ್ಲೇಟ್ ಇಲ್ಲದ ಗಾಡಿಯವ್ರು 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ರೆ ಮಾತ್ರ ಆ ರಿಯಾಯ್ತಿ, ಆ್ಯಪಲ್ಲಿ ಏರಿಸಿ ಓಡಿಸಿ ಅಪಘಾತ ಆದ್ರೆ ಇನ್ಶೂರೆನ್ಸಿನವ್ರು ತಿರುಗಿನೂ ನೋಡಲ್ಲ.

ಮಳೆ ಬಗ್ಗೆ ಒಂದೇ ಸಾಲು, ನಮ್ಮ ಕಡೆ ಜೂನಲ್ಲಿ ಕಂಟ್ರೋಲರ್ ಸಾಯೋದು ಹೆಚ್ಚಾಗಿ ಕನೆಕ್ಟರಿಗೆ ನೀರು ಹೋಗಿ, ಹಾಗಾಗಿ ವಯರ್ ಬಾಯಿ ಕೆಳಮುಖವಾಗಿ ಕೂರಿಸಿ.

ಬಜೆಟ್ ಪ್ರಕಾರ ಕೇಳಿದ್ರೆ ಹೀಗೆ ಹೇಳ್ತೀನಿ. ಕೈಯಲ್ಲಿ ಮೂರು ಸಾವಿರ ಮಾತ್ರ ಇದ್ದು ರಸ್ತೆ ಚಪ್ಪಟೆ ಆದ್ರೆ ಇರೋ ಡಬ್ಬ ಇರ್ಲಿ, ಸ್ಮಾರ್ಟ್ ಬಿಎಂಎಸ್ ಹಾಕಿ. ಅಷ್ಟೇ ದುಡ್ಡು, ಆದ್ರೆ ರಸ್ತೆ ಏರು ಅಂದ್ರೆ ಈಗಲೇ ಖರ್ಚು ಮಾಡ್ಬೇಡಿ, ಮೂರು ಸ್ಪೀಡಿನ ಸ್ವಿಚ್ ಒಂದರಲ್ಲಿ ಇಟ್ಟು ಏರು ಹತ್ತಿ, ದುಡ್ಡು ಸೇರಿದ್ಮೇಲೆ ಆ್ಯಪಿನದಕ್ಕೆ ಹೋಗಿ. ಮಧ್ಯದ್ದು ಅಂತ ಸೆಟ್ಟಿಂಗ್ ಇಲ್ಲದ 40 ಆಂಪ್ ದೊಡ್ಡ ಡಬ್ಬ ತರೋರಿದಾರೆ, ಪ್ಯಾಕಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಪ್ಯಾಕ್ ನಾಲ್ಕು ವರ್ಷ ದಾಟಿದ್ರೆ ಹೊಸ ಪ್ಯಾಕಿನ ಮುಂಚೆ ಒಳ್ಳೇ ಕಂಟ್ರೋಲರ್, ಯಾಕಂದ್ರೆ ಅದನ್ನ ಮುಂದಿನ ಪ್ಯಾಕಿಗೂ ಬಳಸ್ಬಹುದು, 48ರಿಂದ 72ರ ತನಕ ಹೋಗೋದು ಸಿಕ್ರೆ ಇನ್ನೂ ಒಳ್ಳೇದು.

ಹಾಕ್ಸಿದ ದಿನ ಒಂದು ಕೆಲಸ ಮಾಡಿ. ಮೂಲ ಸೆಟ್ಟಿಂಗಿನ ಎಲ್ಲಾ ಪೇಜ್ ಫೋಟೋ ಹೊಡ್ಕೊಳ್ಳಿ. ಬ್ಯಾಟರಿ ಅರ್ಧ ಇರುವಾಗ ನಿಮಗೆ ಗೊತ್ತಿರೋ ಅತಿ ಕೆಟ್ಟ ಏರಿಗೆ ಹೋಗಿ, ಹಿಂದೆ ಒಬ್ರನ್ನ ಮಲ್ಟಿಮೀಟರ್ ಹಿಡಿದು ಕೂರಿಸ್ಕೊಳ್ಳಿ, ಪೂರ್ತಿ ತಿರುಗಿಸಿ ಮೀಟರ್ ಎಷ್ಟಕ್ಕೆ ಇಳೀತು ಅಂತ ಓದಿಸಿ. 13 ಸೀರೀಸಲ್ಲಿ ನಿಂತಾಗಿನ ವೋಲ್ಟೇಜಿಗೂ ಅದಕ್ಕೂ ಮೂರಕ್ಕಿಂತ ಜಾಸ್ತಿ ಅಂತರ ಬಂದ್ರೆ ಬ್ಯಾಟರಿ ಆಂಪ್ ಮೂರು ಇಳಿಸಿ, ಮತ್ತೆ ಅದೇ ಏರು. ತೋಟದವ್ರು ನಾಲ್ಕನೇ ಸಲಕ್ಕೆ 15ಕ್ಕೆ ಬಂದ್ರು, ಅಷ್ಟೊತ್ತಿಗೆ ಕ್ಯಾನಲ್ಲಿದ್ದ ಹಾಲು ಡೈರಿಗೆ ತಡ ಆಗಿ ಮನೆಯವ್ರಿಂದ ಫೋನ್ ಬಂತು.